ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಹಠಾತ್ ಹೊಟ್ಟೆನೋವು

ಕೋಪರಖೈರಣೆಯ ನಮ್ಮ ಕನ್ನಡ ಮನೆಗಳಲ್ಲಿ ಹೃದಯದ ಕವಾಟ ಬದಲಿಸಿಕೊಂಡವರು, ನಾಡಿಯ ಲಯ ತಪ್ಪಿದ ಹಿರಿಯರು ವಾರ್ಫರಿನ್ ಅಥವಾ ಅಸಿಟ್ರಾಮ್ ಸೇವಿಸುವುದು ಹೊಸತೇನಲ್ಲ. ರಕ್ತ ತೆಳುವಾಗಿಸುವ ಮಾತ್ರೆಯೆಂದು ನಾವು ಕರೆದರೂ ಅದು ಕೆ ಜೀವಸತ್ವದ ಕೆಲಸಕ್ಕೆ ತಡೆಯೊಡ್ಡಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುತ್ತದೆ, ಅಷ್ಟೆ. 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದ ವಾರ್ಫರಿನ್ 1954ರಲ್ಲಿ ಮನುಷ್ಯರ ಔಷಧವಾದದ್ದು ಸೋಜಿಗವೇ ಸರಿ.

ಮೂಗಿನ, ಒಸಡಿನ ರಕ್ತಸ್ರಾವ ಕಣ್ಣಿಗೆ ಬೀಳುತ್ತದೆ. ವಿರಳವಾದರೂ ಅಂಜಬೇಕಾದುದು ಒಳಗೇ ಅಡಗುವ ಸ್ರಾವಕ್ಕೆ. ಮಳೆಗಾಲದ ಬಲವಾದ ಕೆಮ್ಮಿಗೆ ಹೊಟ್ಟೆಯ ಮುಂಭಾಗದ ಸ್ನಾಯುವಿನ ರಕ್ತನಾಳ ಹರಿದರೆ, ರಕ್ತವು ಆ ಸ್ನಾಯುವಿನ ಪೊರೆಯೊಳಗೆ ಶೇಖರವಾಗುತ್ತದೆ. ಒಂದು ಬದಿಗೆ ಹಠಾತ್ತಾದ ನೋವು, ಗಡುಸಾದ ಗಂಟು. ಮಲಗಿದಲ್ಲಿಂದ ತಲೆಯೆತ್ತಿದರೆ ನೋವು ಇನ್ನೂ ಹೆಚ್ಚು. ಚರ್ಮ ನೀಲಿಗಟ್ಟುವುದು ಎಷ್ಟೋ ವೇಳೆ ದಿನಗಳ ಬಳಿಕ. ಅಪೆಂಡಿಕ್ಸ್ ಎಂದು ಭ್ರಮಿಸುವುದೂ ಉಂಟು, ಸಿ.ಟಿ. ಸ್ಕ್ಯಾನ್‌ನಲ್ಲಿ ನಿಜ ತಿಳಿಯುತ್ತದೆ. ಓಮದ ನೀರು ಕುಡಿದು ಬೆಳಗಾಗಲೆಂದು ಕಾಯುವ ನಮ್ಮವರ ರೂಢಿ ಇಲ್ಲಿ ಸಲ್ಲದು. ಕೂಡಲೇ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರನ್ನು ಮೊದಲು ಹೇಳಬೇಕು.

ಐ.ಎನ್.ಆರ್. ಸಾಮಾನ್ಯವಾಗಿ 2ರಿಂದ 3ರೊಳಗಿರಬೇಕು. ಕೆಲವು ಕೃತಕ ಕವಾಟಗಳಿಗೆ ತುಸು ಹೆಚ್ಚು. ನೋವಿನ ಮಾತ್ರೆ, ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಬಸಳೆ, ಪಾಲಕ್ ಬಿಡಬೇಕಿಲ್ಲ, ಪ್ರಮಾಣ ಏರುಪೇರಾಗದಿದ್ದರೆ ಸಾಕು. ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟೀತು.