ವೈನಿಯ ಚಟ್ನಿಗೆ ಯಾರದೋ ನಂಬರು

ಔರಾದ್ ತಾಲೂಕಿನ ಎಕಂಬಾದಲ್ಲಿ ನಮ್ಮ ವೈನಿ ಮಾಡುವ ಶೇಂಗಾ ಚಟ್ನಿ ಬೀದರ್‌ನ ಒಂದು ಸೂಪರ್ ಮಾರ್ಕೆಟ್‌ವರೆಗೂ ಹೋಗಿ ವಾಪಸ್ ಬಂತು. ಸ್ಕ್ಯಾನ್ ಮಾಡಿದರೆ ಪರದೆ ಮೇಲೆ ಯಾವುದೋ ಶಾಂಪೂ ಹೆಸರು! ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ ಬಾರ್‌ಕೋಡ್ ತಂದುಕೊಟ್ಟವನು ನಾನೇ. "ನಿನ್ನ ಮಾತ್ ಕೇಳಿ ನಲ್ವತ್ ಪಾಕೀಟ್ ಮನ್ಯಾಗೇ ಕುಂತಾವ ನೋಡು" ಅಂದ್ರು ವೈನಿ.

ಆಮೇಲೆ ಕೂತು ಕಲಿತೆ. ಗೆರೆಗಳು ಯಂತ್ರಕ್ಕೆ, ಕೆಳಗಿನ 13 ಅಂಕಿ ನಮಗೆ. ಎರಡೂ ಹೇಳೋದು ಒಂದೇ. ಅದರಲ್ಲಿ ಬೆಲೆ ಇರಲ್ಲ, ಅದು ಅಂಗಡಿಯ ಕಂಪ್ಯೂಟರ್‌ನಲ್ಲಿರುತ್ತೆ. ಶುರುವಿನಲ್ಲಿ 890 ಇದ್ದರೆ ಮಾಲು ಭಾರತದಲ್ಲೇ ತಯಾರಾದದ್ದು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ, ನಂಬಬೇಡಿ. ನಂಬರು ಕೊಟ್ಟದ್ದು ಜಿಎಸ್1 ಇಂಡಿಯಾ ಸಂಸ್ಥೆ ಅಂತಷ್ಟೇ ಅರ್ಥ. ನಂತರದ್ದು ಕಂಪನಿಯ ಗುರುತು, ಮಾಲಿನ ಗುರುತು. 250 ಗ್ರಾಂ ಪಾಕೀಟಿಗೊಂದು ನಂಬರಾದರೆ 500 ಗ್ರಾಂಗೆ ಬೇರೆ.

ಕೊನೆ ಅಂಕಿ ತಾಳೆ ನೋಡೋಕೆ. 8901234567890 ಅಂತಿಟ್ಟುಕೊಳ್ಳಿ. ಮೊದಲ 12ರಲ್ಲಿ ಬೆಸ ಸ್ಥಾನದವು ಕೂಡಿದರೆ 28. ಸಮ ಸ್ಥಾನದವು 34, ಅದರ ಮೂರು ಪಟ್ಟು 102. ಒಟ್ಟು 130. ಹತ್ತರಿಂದ ಸರಿಯಾಗಿ ಭಾಗವಾಗಲು ಇನ್ನೇನೂ ಬೇಡ, ಹಾಗಾಗಿ ಕೊನೆಗೆ 0. ಇದು ತಪ್ಪು ಟೈಪಿಂಗ್ ಹಿಡಿಯುತ್ತೆ, ಕದ್ದ ನಂಬರನ್ನಲ್ಲ. ನನ್ನ ಅಗ್ಗದ ನಂಬರೂ ಈ ಲೆಕ್ಕದಲ್ಲಿ ಪಾಸಾಗಿತ್ತು!

ಊರ ಸಂತೆಗೆ ಬಾರ್‌ಕೋಡ್ ಬೇಕಿಲ್ಲ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು ಬೇರೆ, ಅದು ಪಾಕೀಟಿನ ಮೇಲೆ ಇರಲೇಬೇಕು.

ಈಗ ಸ್ವಂತ ನಂಬರಿಗೆ ಅರ್ಜಿ ಹಾಕಿದ್ದೀವಿ. "ಈ ಸಲ ಲೇಬಲ್ ನಾನೇ ನೋಡ್ತೀನಿ" ಅಂದಿದ್ದಾರೆ ವೈನಿ.