ಟಿಸಿ ಇಲ್ಲ ಅಂದ್ರೆ ಶಾಲೆ ಇಲ್ವಾ? ಗುಳೆ ಹೋದ ಮಕ್ಕಳ ಓದಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ವಿಷಯ ಶುರುವಾಗಿದ್ದು ನಮ್ಮ ಮನೆ ಪಕ್ಕದ ಸೈಟ್‌ನಿಂದ. ಬೆಂಗಳೂರಲ್ಲಿ ನಾನಿರೋ ಬಾಡಿಗೆ ಮನೆ ಪಕ್ಕ ಹೋದ ವರ್ಷ ಒಂದು ಮೂರಂತಸ್ತಿನ ಕಟ್ಟಡ ಏಳ್ತಾ ಇತ್ತು. ಅಲ್ಲೇ ತಗಡಿನ ಶೆಡ್ ಹಾಕ್ಕೊಂಡು ಯಾದಗಿರಿ ಕಡೆಯ ಒಂದು ಕುಟುಂಬ ಇತ್ತು. ಒಂಬತ್ತು ವರ್ಷದ ಹುಡುಗಿ, ಅವಳ ಸೊಂಟದ ಮೇಲೆ ಯಾವಾಗಲೂ ಎರಡು ವರ್ಷದ ತಮ್ಮ. ನಾನು ರೆಕಾರ್ಡಿಂಗ್ ಮಾಡುವಾಗ ಗಾರೆ ಮಿಕ್ಸರ್ ಶಬ್ದ ಜಾಸ್ತಿ ಅಂತ ಕೇಳೋಕೆ ಹೋದವಳು, ಮಾತಾಡ್ತಾ ಮಾತಾಡ್ತಾ ಅವಳು ಶಾಲೆಗೆ ಹೋಗ್ತಿಲ್ಲ ಅಂತ ಗೊತ್ತಾಯ್ತು. ಊರಲ್ಲಿ ನಾಲ್ಕನೇ ಕ್ಲಾಸಿಗೆ ದಾಖಲಾಗಿದ್ದಳು. ದೀಪಾವಳಿ ಆದ ಮೇಲೆ ಇಲ್ಲಿಗೆ ಬಂದಿದ್ದರು.

ಅವರಪ್ಪ ಹೇಳಿದ್ದು ಇಷ್ಟು: "ಸಾಲಿಗೆ ಹಾಕಬೇಕಂತ ಆಸೆ ಅದರೀ ಅಕ್ಕಾರ. ಆದ್ರ ಟಿಸಿ ಇಲ್ದ ತಗೊಳ್ಳಂಗಿಲ್ಲ ಅಂದ್ರು. ಟಿಸಿ ತರ್ಲಿಕ್ಕ ಊರಿಗೆ ಹೋದ್ರ ಮೂರು ದಿನದ ಪಗಾರ ಹೋಗ್ತದ."

ನಾನೇನಂದೆ ಗೊತ್ತಾ? "ಹೌದಣ್ಣ, ಟಿಸಿ ಬೇಕೇ ಬೇಕು, ಹೇಗಾದ್ರೂ ತರಿಸ್ಕೊಳ್ಳಿ" ಅಂದೆ. ಅದು ತಪ್ಪು. ನನ್ನ ಆ ತಪ್ಪು ಮಾಹಿತಿಯಿಂದ ಆ ಹುಡುಗಿಗೆ ಐದು ವಾರ ನಷ್ಟ ಆಯ್ತು. ಅದಕ್ಕೇ ಈ ಸಂಚಿಕೆ.

ಕಾನೂನು ಏನು ಹೇಳುತ್ತೆ?

2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ ಬಂತು. ಅದರಿಂದ 21ಎ ವಿಧಿ ಸೇರಿತು: 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕು. ಅದನ್ನು ಜಾರಿಗೆ ತರೋದು 2009ರ ಶಿಕ್ಷಣ ಹಕ್ಕು ಕಾಯ್ದೆ, ನಾವೆಲ್ಲ ಆರ್‌ಟಿಇ ಅಂತ ಕರೆಯೋದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮಲ್ಲಿ ಆರ್‌ಟಿಇ ಅಂದ ಕೂಡಲೇ ಖಾಸಗಿ ಶಾಲೆಯ ಶೇ. 25 ಸೀಟು ಮಾತ್ರ ನೆನಪಾಗುತ್ತೆ. ಆದರೆ ಗುಳೆ ಹೋಗೋ ಮಕ್ಕಳಿಗೆ ಬೇಕಾದ ಸಾಲುಗಳು ಬೇರೆ ಕಡೆ ಇವೆ. ಒಂದೊಂದಾಗಿ ನೋಡೋಣ.

ಸೆಕ್ಷನ್ 5: ಮಗು ಯಾವುದೇ ಕಾರಣಕ್ಕೆ ರಾಜ್ಯದ ಒಳಗೆ ಅಥವಾ ಹೊರಗೆ ಶಾಲೆ ಬದಲಾಯಿಸಬೇಕಾಗಿ ಬಂದರೆ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕು ಅದಕ್ಕಿದೆ. ಟಿಸಿ ತಡವಾಯ್ತು ಅನ್ನೋ ಕಾರಣಕ್ಕೆ ಹೊಸ ಶಾಲೆ ದಾಖಲಾತಿಯನ್ನು ಮುಂದೂಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಹಳೇ ಶಾಲೆಯ ಮುಖ್ಯ ಶಿಕ್ಷಕರು ಟಿಸಿ ಕೊಡೋಕೆ ತಡ ಮಾಡಿದರೆ ಅವರ ಮೇಲೇ ಶಿಸ್ತು ಕ್ರಮ ಆಗಬಹುದು.

ಸೆಕ್ಷನ್ 14: ಜನನ ಪ್ರಮಾಣಪತ್ರ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಸೆಕ್ಷನ್ 15: ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು. ಸೆಕ್ಷನ್ 4: ಓದು ನಿಂತುಹೋಗಿದ್ದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದಿದ್ದನ್ನು ತುಂಬೋಕೆ ವಿಶೇಷ ತರಬೇತಿ ಕೊಡಬೇಕು. ಅಂಥ ಮಗುವಿಗೆ 14 ದಾಟಿದರೂ ಎಂಟನೇ ತರಗತಿ ಮುಗಿಯೋವರೆಗೆ ಉಚಿತ ಶಿಕ್ಷಣ ಸಿಗುತ್ತೆ. ಇನ್ನು ಸೆಕ್ಷನ್ 9ರಲ್ಲಿ ವಲಸೆ ಕುಟುಂಬಗಳ ಹೆಸರೇ ಇದೆ: ಅವರ ಮಕ್ಕಳ ದಾಖಲಾತಿ ಖಾತ್ರಿಪಡಿಸೋದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ.

ಆಧಾರ್ ವಿಷಯವೂ ಹೇಳಿಬಿಡ್ತೀನಿ. 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ ಹೇಳಿದೆ.

ಹಾಗಾದ್ರೆ ತೊಂದರೆ ಎಲ್ಲಿ?

ಮೊದಲನೇದು ಕ್ಯಾಲೆಂಡರ್. ನಮ್ಮ ಶಾಲೆಗಳು ಮೇ ಕೊನೆ ಅಥವಾ ಜೂನ್‌ನಲ್ಲಿ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತವೆ. ಗುಳೆಯ ಕ್ಯಾಲೆಂಡರ್ ಬೇರೆ. ಮಳೆ ನಂಬಿದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಕೆಲಸ ಇರಲ್ಲ. ದೀಪಾವಳಿ ಆಸುಪಾಸಲ್ಲಿ ಹೊರಟವರು ಯುಗಾದಿಗೋ ಮುಂಗಾರಿಗೋ ವಾಪಸ್. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿ ಜಿಲ್ಲೆಗೆ ಕಬ್ಬು ಕಡಿಯೋಕೆ ಬರುವವರದ್ದೂ ಇದೇ ಕಥೆ, ಕಾರ್ಖಾನೆ ನುರಿಸೋ ಹಂಗಾಮಿನ ಜೊತೆ ಬಂದು ಹೋಗ್ತಾರೆ. ಅಂದ್ರೆ ಶಾಲಾ ವರ್ಷ ಸರಿಯಾಗಿ ಮಧ್ಯದಲ್ಲಿ ತುಂಡಾಗುತ್ತೆ. ಊರಲ್ಲೂ ಅರ್ಧ, ಇಲ್ಲೂ ಅರ್ಧ. ಹೀಗೆ ಎರಡು ಮೂರು ವರ್ಷ ಆದ್ರೆ ಮಗು ನಾಲ್ಕನೇ ಕ್ಲಾಸಲ್ಲಿರುತ್ತೆ, ಓದೋದು ಒಂದನೇ ಕ್ಲಾಸಿನ ಮಟ್ಟದಲ್ಲಿರುತ್ತೆ. ಆಮೇಲೆ ನಾಚಿಕೆಗೇ ಶಾಲೆ ಬಿಡುತ್ತೆ.

ಎರಡನೇದು ಕಾಗದ. ಕರ್ನಾಟಕದಲ್ಲಿ ಪ್ರತಿ ವಿದ್ಯಾರ್ಥಿಗೂ ಸ್ಯಾಟ್ಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಒಂದು ನಂಬರ್ ಇದೆ. ಒಳ್ಳೇ ವ್ಯವಸ್ಥೆ, ಸರಿಯಾಗಿ ಬಳಸಿದರೆ ಮಗು ಎಲ್ಲಿಗೆ ಹೋದರೂ ದಾಖಲೆ ಹಿಂದೆಯೇ ಬರಬೇಕು. ಆದರೆ ಊರ ಶಾಲೆಯಲ್ಲಿ ಹೆಸರು ಹಾಗೇ ಇದ್ದರೆ ಏನಾಗುತ್ತೆ? ಕಂಪ್ಯೂಟರ್ ಪ್ರಕಾರ ಆ ಹುಡುಗಿ ಯಾದಗಿರಿಯಲ್ಲಿ ಓದ್ತಿದ್ದಾಳೆ. ಕಣ್ಣಿಗೆ ಕಾಣೋ ಪ್ರಕಾರ ಬೆಂಗಳೂರಿನ ಶೆಡ್‌ನಲ್ಲಿ ತಮ್ಮನನ್ನ ಆಡಿಸ್ತಿದ್ದಾಳೆ. ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿಯಲ್ಲೂ ಅವಳಿಲ್ಲ, ಶಾಲೆಯಲ್ಲೂ ಇಲ್ಲ.

ಜನಗಣತಿಯಲ್ಲೂ ಇದೇ ಪಾಡು. 2011ರ ಜನಗಣತಿ ದೇಶದಲ್ಲಿ ಸುಮಾರು 45 ಕೋಟಿ ಆಂತರಿಕ ವಲಸಿಗರನ್ನ ಲೆಕ್ಕ ಹಾಕಿತು. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಊರು ಬದಲಿಸಿದ ಹೆಣ್ಣುಮಕ್ಕಳದ್ದು. ನಾಲ್ಕೈದು ತಿಂಗಳಿಗೆ ಅಂತ ಬಂದು ಹೋಗೋರು ಇಂಥ ಎಣಿಕೆಯಲ್ಲಿ ಸರಿಯಾಗಿ ಸಿಗೋದೇ ಇಲ್ಲ. 1979ರಲ್ಲಿ ವಲಸೆ ಕಾರ್ಮಿಕರಿಗೆ ಅಂತಲೇ ಬಂದ ಕಾಯ್ದೆಯಾದರೂ ಇತ್ತಲ್ಲ ಅಂತೀರಾ? ಅದು ಇದ್ದಿದ್ದು ಅಂತರರಾಜ್ಯ ವಲಸೆಗೆ. ಯಾದಗಿರಿಯಿಂದ ಬೆಂಗಳೂರಿಗೆ ಬಂದವರು ರಾಜ್ಯದ ಗಡಿ ದಾಟಿಲ್ಲ, ಆದ್ದರಿಂದ ಅದರ ಲೆಕ್ಕದಲ್ಲಿ ಇಂಥವರು ವಲಸಿಗರೇ ಆಗಿರಲಿಲ್ಲ.

ಮನೆಯ ಲೆಕ್ಕ ಪುಸ್ತಕ

ನಾನು ಓದಿದ್ದು ಬಿ.ಕಾಂ. ಹಾಗಾಗಿ ಅವರಮ್ಮನ ಜೊತೆ ಕೂತು ಒಂದು ಸಣ್ಣ ಲೆಕ್ಕ ಹಾಕಿದೆ. ಅಪ್ಪನಿಗೆ ದಿನಕ್ಕೆ 800, ಅಮ್ಮನಿಗೆ 500. ಟಿಸಿಗೆ ಅಂತ ಅಪ್ಪ ಮೂರು ದಿನ ಊರಿಗೆ ಹೋದರೆ 2,400 ಕೂಲಿ ಹೋಯ್ತು, ಮೇಲೆ ಓಡಾಟದ ಖರ್ಚು. ಇದು ಒಂದು ಸಲದ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ಹುಡುಗಿ ಶಾಲೆಗೆ ಹೋದರೆ ತಮ್ಮನನ್ನ ನೋಡೋರು ಯಾರು? ಅಮ್ಮ ಕೆಲಸ ಬಿಟ್ಟರೆ ತಿಂಗಳಿಗೆ 25 ದಿನ ಅಂದುಕೊಂಡರೂ 12,500 ರೂಪಾಯಿ ಖೋತಾ. ಬರೋ ಮುಂಚೆ ಮೇಸ್ತ್ರಿ ಹತ್ರ ಮುಂಗಡ ತಗೊಂಡಿದ್ದಾರೆ, ಅದು ತೀರಬೇಕು. ಶಾಲೆ ಉಚಿತ ಅಂತ ನಾವು ಹೇಳ್ತೀವಿ. ಈ ಮನೆಗೆ ಅದರ ಬೆಲೆ ತಿಂಗಳಿಗೆ 12,500. ಅಪ್ಪ ಅಮ್ಮನಿಗೆ ಓದಿನ ಮಹತ್ವ ಗೊತ್ತಿಲ್ಲ ಅನ್ನೋ ಮಾತನ್ನ ದಯವಿಟ್ಟು ಬಿಟ್ಟುಬಿಡೋಣ.

ಕೂಸುಗಳನ್ನ ನೋಡಿಕೊಳ್ಳೋ ಶಿಶುವಿಹಾರ ಸೈಟಲ್ಲೇ ಇರಬೇಕು ಅಂತ ಕಾನೂನು ಇಲ್ವಾ? ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ವ್ಯವಸ್ಥೆ ಇರಬೇಕು ಅಂದಿತ್ತು. 2020ರ ಹೊಸ ಸಂಹಿತೆಯಲ್ಲಿ ಗಂಡು ಹೆಣ್ಣು ಸೇರಿ 50ಕ್ಕಿಂತ ಹೆಚ್ಚು ಜನ ಅಂತಾಗಿದೆ. ನಮ್ಮ ಪಕ್ಕದ ಸೈಟಲ್ಲಿ ಇದ್ದಿದ್ದೇ ಏಳು ಜನ. ನಗರದ ಗಲ್ಲಿ ಗಲ್ಲಿಯಲ್ಲಿ ಏಳೋ ಮನೆಗಳೆಲ್ಲ ಇಂಥವೇ. ಅಂಗನವಾಡಿಗೆ ಕಳಿಸೋಣ ಅಂದ್ರೆ ಅಲ್ಲಿ ಕೂರಿಸಿಕೊಳ್ಳೋದು ಮೂರು ತುಂಬಿದವರನ್ನ. ಈ ಪುಟಾಣಿಗೆ ಎರಡು. ಹಾಗಾಗಿ ಆ ಒಂದು ವರ್ಷದ ಅಂತರ ತುಂಬೋ ಕೆಲಸ ಒಂಬತ್ತು ವರ್ಷದ ಅಕ್ಕನ ಪಾಲಿಗೆ ಬಂದಿದೆ.

ಬೇರೆ ಕಡೆ ಏನು ಮಾಡಿದ್ದಾರೆ?

ಮೂರು ದಾರಿ ಕಾಣ್ತವೆ. ಒಂದು, ಮಗು ಊರಲ್ಲೇ ಉಳಿಯೋ ಹಾಗೆ ಮಾಡೋದು. ಒಡಿಶಾದ ಬಲಾಂಗೀರ್, ನುವಾಪಾಡಾ ಜಿಲ್ಲೆಗಳಿಂದ ಜನ ಇಟ್ಟಿಗೆ ಭಟ್ಟಿಗಳಿಗೆ ಹೋಗ್ತಾರೆ. ಅಲ್ಲಿ ಆ ಹಂಗಾಮಿಗೆ ಮಾತ್ರ ನಡೆಯೋ ಹಾಸ್ಟೆಲ್‌ಗಳಲ್ಲಿ ಮಕ್ಕಳನ್ನ ಉಳಿಸಿಕೊಳ್ತಾರೆ. ಎರಡು, ಬಂದ ಜಾಗಕ್ಕೇ ಶಾಲೆ ಹೋಗೋದು. ನಮ್ಮ ರಾಜ್ಯದ ಟೆಂಟ್ ಶಾಲೆಗಳು ಈ ಬಗೆಯವು. ಮೂರು, ಇಲ್ಲಿನ ಶಾಲೆಯನ್ನೇ ಆ ಮಗುವಿಗೆ ಸಿದ್ಧ ಮಾಡೋದು. ಕೇರಳದ ಎರ್ನಾಕುಲಂನಲ್ಲಿ 2017ರಲ್ಲಿ ಶುರುವಾದ ರೋಶ್ನಿ ಯೋಜನೆಯಲ್ಲಿ ಹಿಂದಿ, ಬಂಗಾಳಿ, ಒಡಿಯಾ ಬಲ್ಲವರು ಮಕ್ಕಳ ಮಾತಿನ ಮೂಲಕವೇ ಮಲಯಾಳಂಗೆ ಕರೆದುಕೊಂಡು ಹೋಗ್ತಾರೆ.

ಭಾಷೆ ಅಂದಾಗ ಒಂದು ಮಾತು. ಕಲಬುರಗಿ, ವಿಜಯಪುರದ ತಾಂಡಾಗಳಿಂದ ಎಷ್ಟೋ ಲಂಬಾಣಿ ಕುಟುಂಬಗಳು ಪುಣೆ, ಮುಂಬೈ, ಗೋವಾಕ್ಕೆ ದುಡಿಯೋಕೆ ಹೋಗ್ತವೆ. ಮನೆಯಲ್ಲಿ ಲಂಬಾಣಿ, ಊರ ಶಾಲೆಯಲ್ಲಿ ಕನ್ನಡ, ಪುಣೆ ಶಾಲೆಯಲ್ಲಿ ಮರಾಠಿ. ಏಳು ವರ್ಷದ ಮಗು ಮೂರು ಭಾಷೆ ಹೊತ್ತು ತಿರುಗುತ್ತೆ, ಅದಕ್ಕೆ ಯಾರೂ ಅಂಕ ಕೊಡಲ್ಲ. ಬಂಗಾಳಿ ಮಗು ನಮ್ಮ ಬೆಂಗಳೂರಿನ ಶಾಲೆಗೆ ಬಂದಾಗ ಇದು ನೆನಪಿರಲಿ.

ನನಗನ್ನಿಸೋದು, ಟೆಂಟ್ ಶಾಲೆ ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಮಗು ಅಲ್ಲೇ ನಿಂತುಬಿಡಬಾರದು. ಬಿಸಿಯೂಟ, ಪುಸ್ತಕ, ಸಮವಸ್ತ್ರ, ಮುಂದಿನ ಕ್ಲಾಸು, ಎಲ್ಲ ಇರೋದು ಪಕ್ಕದ ಸರ್ಕಾರಿ ಶಾಲೆಯಲ್ಲೇ.

ಆ ಹುಡುಗಿ ಏನಾದಳು?

ಸೆಕ್ಷನ್ 5 ನನಗೆ ಗೊತ್ತಾಗಿದ್ದು ತಡವಾಗಿ. ಪ್ರಿಂಟ್ ತಗೊಂಡು ಮತ್ತೆ ಹೋದೆವು. ಮುಖ್ಯ ಶಿಕ್ಷಕಿ ಕೆಟ್ಟವರೇನಲ್ಲ. "ಮೂರು ತಿಂಗಳಿಗೆ ಬಂದು ಹೋಗ್ತಾರಮ್ಮ, ಆಮೇಲೆ ಹಾಜರಾತಿ ಕಡಿಮೆ ಅಂತ ನನ್ನನ್ನೇ ಕೇಳ್ತಾರೆ" ಅಂದ್ರು. ಅವರ ಭಯವೂ ಸುಳ್ಳಲ್ಲ. ಬಿಇಒ ಕಚೇರಿಗೆ ಫೋನ್ ಮಾಡಿ ಮಾತಾಡಿದ ಮೇಲೆ ಜನವರಿಯಲ್ಲಿ ಸೇರಿಸಿಕೊಂಡರು. ತಮ್ಮನಿಗೆ ಅಮ್ಮ ಸೈಟಲ್ಲೇ ಸೀರೆ ಜೋಲಿ ಕಟ್ಟಿದಳು. ಅದು ಪರಿಹಾರ ಅಲ್ಲ, ಸಿಮೆಂಟ್ ಧೂಳಿನಲ್ಲಿ ಕೂಸು. ಆದ್ರೂ ಹತ್ತು ವಾರ ಹುಡುಗಿ ಶಾಲೆಗೆ ಹೋದಳು. ಮಾರ್ಚ್ ಕೊನೆಗೆ ಕಟ್ಟಡ ಮುಗೀತು, ಅವರು ಹೊರಟರು.

ಜೂನ್‌ನಲ್ಲಿ ಅವರಪ್ಪನ ಫೋನ್ ಬಂತು. ಈ ಸಲ ಹೊಸಕೋಟೆ ಕಡೆ ಕೆಲಸ. "ಅಕ್ಕಾರ, ಇಲ್ಲೂ ಟಿಸಿ ಕೇಳಾಕತ್ಯಾರ. ಆ ಕಾನೂನಿನ ನಂಬರ್ ಏನ್ರೀ ಅದು?" ಅಂತ ಕೇಳಿದರು. ಹೇಳಿದೆ. ವಾಟ್ಸಾಪಲ್ಲೂ ಕಳಿಸಿದೆ.

ನೀವೇನು ಮಾಡಬಹುದು?

ನಿಮ್ಮ ಬೀದಿಯಲ್ಲಿ ಕಟ್ಟಡ ಏಳ್ತಿದ್ದರೆ ಅಲ್ಲಿ 6ರಿಂದ 14ರ ಮಕ್ಕಳು ಇದ್ದಾರಾ ಅಂತ ಕೇಳಿ. ಇದ್ದರೆ ಹತ್ತಿರದ ಸರ್ಕಾರಿ ಶಾಲೆಗೆ ಅಪ್ಪ ಅಮ್ಮನ ಜೊತೆ ಹೋಗಿ, ಅವರನ್ನೇ ಮುಂದೆ ಬಿಟ್ಟು ನೀವು ಪಕ್ಕದಲ್ಲಿ ನಿಲ್ಲಿ. ಸೇರಿಸಿಕೊಳ್ಳಲ್ಲ ಅಂದ್ರೆ ಜಗಳ ಬೇಡ, ಸೆಕ್ಷನ್ 5, 14, 15 ಹೇಳಿ. ಆಗಲಿಲ್ವಾ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಸೆಕ್ಷನ್ 32ರ ಪ್ರಕಾರ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಮಗು ದುಡಿಮೆಗೆ ಬಿದ್ದಿದ್ದರೆ, ತೊಂದರೆಯಲ್ಲಿದ್ದರೆ 1098ಕ್ಕೆ ಕರೆ ಮಾಡಿ. ನೀವೇ ಮನೆ ಕಟ್ಟಿಸ್ತಿದ್ದೀರಾ? ಹಾಗಾದ್ರೆ ಸೈಟಲ್ಲಿ ಕೂಸುಗಳಿಗೆ ನೆರಳಿರೋ ಒಂದು ಜಾಗ, ನೋಡಿಕೊಳ್ಳೋಕೆ ಒಬ್ಬರ ಕೂಲಿ, ಇಷ್ಟನ್ನ ಎಸ್ಟಿಮೇಟಲ್ಲೇ ಸೇರಿಸಿ. ಕಬ್ಬಿಣ ಸಿಮೆಂಟಿನ ಲೆಕ್ಕದ ಮುಂದೆ ಅದು ಸಣ್ಣ ಮೊತ್ತ.

ಇವತ್ತಿಗೆ ಇಷ್ಟು. ನಿಮ್ಮ ಊರಲ್ಲಿ ಟಿಸಿ ಇಲ್ಲದೇ ಮಗುವನ್ನ ಸೇರಿಸಿಕೊಂಡ ಮೇಷ್ಟ್ರು, ಟೀಚರ್ ಯಾರಾದ್ರೂ ಇದ್ದರೆ ಅವರ ಅನುಭವ ಬರೆದು ಕಳಿಸಿ. ಮುಂದೊಂದು ಸಂಚಿಕೆಯಲ್ಲಿ ಅವರ ಮಾತನ್ನೇ ಕೇಳೋಣ.