ನಿಂತ ನೀರು, ಬಾರದ ನೀರು

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಪತ್ತೆಯಾದ ಶಿಲಾಶಾಸನ ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಇರುವುದು ಮೊದಲು ಕಂಡುಬಂದದ್ದು ಇಲ್ಲಿಯೇ. ದಾರಿಬದಿ ಮರ ನೆಡಿಸಿದ್ದು, ಬಾವಿ ತೋಡಿಸಿದ್ದು, ಕಾಡಿಗೆ ವ್ಯರ್ಥವಾಗಿ ಬೆಂಕಿ ಇಡಬಾರದೆಂದು ವಿಧಿಸಿದ್ದು ಅದೇ ಅರಸನ ಬೇರೆ ಶಾಸನಗಳಲ್ಲಿವೆ. ನಿಸರ್ಗ ರಕ್ಷಣೆ ರಾಜ್ಯದ ಹೊಣೆಯೆಂಬ ವಿಚಾರ ಈ ನೆಲಕ್ಕೆ ಹೊಸದಲ್ಲ. ಆದರೆ ರಾಜಧಾನಿಯ ಆಜ್ಞೆ ರೈತನ ಬದುವಿನವರೆಗೆ ತಲುಪುವುದು ಹೇಗೆ?

ಈ ಪ್ರಶ್ನೆ ಇಂದಿಗೂ ಉಳಿದಿದೆ. ಹವಾಮಾನ ಬದಲಾವಣೆಯನ್ನು ಎದುರಿಸಲು ಭಾರತ ಸರ್ಕಾರವು 2008ರ ಜೂನ್ 30ರಂದು ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ಸೌರಶಕ್ತಿ, ಜಲ, ಸುಸ್ಥಿರ ಕೃಷಿ, ಹಸಿರು ಭಾರತ ಸೇರಿದಂತೆ ಅದರಲ್ಲಿ ಎಂಟು ಅಭಿಯಾನಗಳಿವೆ. ನೀರಿನ ಬಳಕೆಯ ದಕ್ಷತೆಯನ್ನು ಶೇಕಡ 20ರಷ್ಟು ಹೆಚ್ಚಿಸುವುದು ಜಲ ಅಭಿಯಾನದ ಗುರಿ. 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳ ಹೊರತಾದ ಮೂಲಗಳಿಂದ ಬರಬೇಕೆಂಬ ಗುರಿಯನ್ನು ದೇಶವು 2025ರಲ್ಲಿಯೇ ಮುಟ್ಟಿತು. ವಿದ್ಯುತ್ತಿನಲ್ಲಿ ಸಾಧ್ಯವಾದ ಈ ವೇಗ ನೀರಿನಲ್ಲಿ ಏಕೆ ಕಾಣುತ್ತಿಲ್ಲ? ಉತ್ತರ ಹುಡುಕಲು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಕಾಲುವೆಯ ಕಥೆ

ಈ ಸೀಮೆಯಲ್ಲಿ ಬೀಳುವ ಮಳೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು. ಬರದಿಂದ ಆದಷ್ಟು ಹೆಚ್ಚು ಹಳ್ಳಿಗಳನ್ನು ಕಾಪಾಡಲೆಂದು 1953ರಲ್ಲಿ ತುಂಗಭದ್ರೆಯ ನೀರನ್ನು ಹರಿಸಲಾಯಿತು. ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳಿಗೆ ಅಲ್ಪ ನೀರು ಕೊಡುವುದೇ ಮೂಲ ಲೆಕ್ಕ. ಕಾಲುವೆ ಬಂದ ಮೇಲೆ ಲೆಕ್ಕ ಬದಲಾಯಿತು. ಸಿಂಧನೂರು ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಎದ್ದವು, ಊರು ಬೆಳೆಯಿತು. ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತರೆ, ಕಾಲುವೆಯ ಕೊನೆಭಾಗದ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ಕಾದು ಕುಳಿತರು. ಬಸಿಗಾಲುವೆ ಸರಿಯಿಲ್ಲದ ಕಡೆ ಎರೆ ಭೂಮಿ ಸವಳು-ಜವಳಾಗಿ ಕೆಟ್ಟಿತು. ಇತ್ತ ಜಲಾಶಯದಲ್ಲಿ ಹೂಳು ತುಂಬಿ, 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯ ಸುಮಾರು 105ಕ್ಕೆ ಇಳಿಯಿತು.

ಗದ್ದೆಗೂ ಆಕಾಶಕ್ಕೂ ನಂಟು

ನಿಂತ ನೀರಿನ ಕೆಳಗಿನ ಮಣ್ಣಿಗೆ ಆಮ್ಲಜನಕ ಸಿಗುವುದಿಲ್ಲ. ಅಲ್ಲಿ ಕೊಳೆಯುವ ಕೂಳೆ, ಬೇರುಗಳನ್ನು ತಿನ್ನುವ ಸೂಕ್ಷ್ಮಾಣುಗಳು ಮಿಥೇನ್ ಅನಿಲವನ್ನು ಬಿಡುತ್ತವೆ. ನೂರು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಇದರ ಶಾಖ ಹಿಡಿಯುವ ಗುಣ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು. ಸರ್ಕಾರದ ಲೆಕ್ಕದಂತೆ 2020ರಲ್ಲಿ ದೇಶದ ಹಸಿರುಮನೆ ಅನಿಲಗಳಲ್ಲಿ ಕೃಷಿಯ ಪಾಲು ಶೇಕಡ 14ರ ಸಮೀಪವಿತ್ತು. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಹಲವು ರಾಷ್ಟ್ರಗಳು ಮಿಥೇನ್ ತಗ್ಗಿಸುವ ವಚನ ನೀಡಿದಾಗ ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಸಣ್ಣ ರೈತರ ಗದ್ದೆ, ದನಕರುಗಳಿಂದ ಬರುವ ಅನಿಲ ಬದುಕಿಗಾಗಿ ಹೊರಬರುವಂಥದ್ದು, ಭೋಗಕ್ಕಾಗಿ ಅಲ್ಲ ಎಂಬುದು ನಮ್ಮ ದೇಶದ ವಾದ. ಅದು ನ್ಯಾಯವಾದ ವಾದವೇ. ಆದರೆ ನೀರು ಉಳಿದರೆ ಲಾಭವಾಗುವುದು ಮೊದಲು ನಮ್ಮವರಿಗೇ.

ಉಪಾಯ ಗೊತ್ತಿಲ್ಲವೆಂದಲ್ಲ. ಗದ್ದೆಯನ್ನು ಸದಾ ಮುಳುಗಿಸದೆ ಆಗಾಗ ಆರಲು ಬಿಟ್ಟು ಮತ್ತೆ ನೀರು ಕಟ್ಟಿದರೆ ನೀರು ಶೇಕಡ 30ರವರೆಗೆ ಉಳಿಯಬಲ್ಲದೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತದೆ. ಮಿಥೇನ್ ಕೂಡ ಗಣನೀಯವಾಗಿ ತಗ್ಗುತ್ತದೆ. ನಾಟಿ ಮಾಡದೆ ಕೂರಿಗೆಯಿಂದ ಬಿತ್ತುವ ಭತ್ತವೂ ಇದೆ. ಸವಳು ಭೂಮಿಯ ಸುಧಾರಣೆಯ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹುಕಾಲದಿಂದ ಕೆಲಸ ಮಾಡಿದೆ.

ಹಾಗಾದರೆ ಅಡ್ಡಿ ಯಾವುದು? ಗದ್ದೆಯನ್ನು ಆರಲು ಬಿಟ್ಟವನಿಗೆ ಮುಂದಿನ ಸರದಿಯ ನೀರು ಬಂದೇ ಬರುತ್ತದೆಂಬ ಭರವಸೆ ಬೇಕು. ಅದು ಇಲ್ಲದಿರುವಾಗ ಗದ್ದೆಯಲ್ಲಿ ನಿಂತ ನೀರೇ ಅವನ ಉಳಿತಾಯ ಖಾತೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. 2024ರ ಆಗಸ್ಟ್‌ನಲ್ಲಿ, ಜಲಾಶಯ ತುಂಬಿದ್ದಾಗಲೇ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಇಂಥ ಎರಡು ವರ್ಷ ಕಂಡ ರೈತನಿಗೆ ‘ನೀರು ಉಳಿಸು’ ಎಂದು ಉಪದೇಶಿಸಿದರೆ ಸಾಲದು.

ಜೋಳದ ಲೆಕ್ಕ

ಲಿಂಗಸುಗೂರು ಮತ್ತು ಮಸ್ಕಿಯ ಮಳೆಯಾಶ್ರಿತ ಹೊಲಗಳದ್ದು ಬೇರೆ ಕಥೆ. ಅಲ್ಲಿ ಸಜ್ಜೆ, ತೊಗರಿ, ಕಡಲೆ, ಹಿಂಗಾರಿ ಜೋಳಗಳೇ ಆಧಾರ. 2006ರಲ್ಲಿ ಉದ್ಯೋಗ ಖಾತರಿ ಮೊದಲು ಜಾರಿಯಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಬದು ಹಾಕುವ, ಹೂಳೆತ್ತುವ ಕೆಲಸಗಳಿಗೆ ಅದರಲ್ಲಿ ಅವಕಾಶವಿತ್ತು. ಭಾರತದ ಪ್ರಸ್ತಾವದಂತೆ 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ ಮಾಲ್ದಂಡಿ ಜೋಳಕ್ಕೆ 3,749 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಹಾಗಿದ್ದರೂ ರೈತ ಭತ್ತವನ್ನೇ ಏಕೆ ಬಯಸುತ್ತಾನೆ? ನೀರಾವರಿಯಲ್ಲಿ ಎಕರೆಗೆ ಭತ್ತದ ಇಳುವರಿ ಜೋಳದ ಹಲವು ಪಟ್ಟು. ಗಿರಣಿಯೂ ಹತ್ತಿರ, ವ್ಯಾಪಾರಿಯೂ ಹತ್ತಿರ. ಕ್ವಿಂಟಲ್ ದರ ಬೇರೆ, ಎಕರೆಯ ಆದಾಯ ಬೇರೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಗಣಿತ ಇದು. ಹವಾಮಾನದ ಕುರಿತಾದ ಗುರಿಗಳು ದೆಹಲಿಯಲ್ಲಿ ನಿಗದಿಯಾಗುತ್ತವೆ. ಅವು ಈಡೇರುವುದು ಮಾತ್ರ ತೂಬು ಯಾವಾಗ ತೆರೆಯುತ್ತದೆ, ಎಷ್ಟು ದಿನ ತೆರೆದಿರುತ್ತದೆ, ಬೆಳೆದ ಜೋಳವನ್ನು ಯಾರು ಕೊಳ್ಳುತ್ತಾರೆ ಎಂಬುದರ ಮೇಲೆ. ಸಿಂಧನೂರಿನ ರೈತ ನಿರ್ಭಯವಾಗಿ ಗದ್ದೆ ಆರಲು ಬಿಟ್ಟ ದಿನ, ಕೊನೆಭಾಗದ ಹೊಲಕ್ಕೂ ನೀರು ಮುಟ್ಟೀತು.